ಗ್ರೂಪಲ್ಲಿ ರಾಜಕೀಯ ಬೇಡ

ನಮ್ಮ ವಾಡೊದ (ಇಗರ್ಜಿ ಅಂದ್ರೆ ಚರ್ಚು, ಅದರ ಒಂದು ವಾರ್ಡು) ವಾಟ್ಸಾಪ್ ಗ್ರೂಪಲ್ಲಿ ಮೇಲ್ಗಡೆ ಒಂದು ಮೆಸೇಜ್ ಪಿನ್ ಮಾಡಿ ಇಟ್ಟಿದ್ದಾರೆ. "ದಯವಿಟ್ಟು ಗ್ರೂಪಲ್ಲಿ ರಾಜಕೀಯ ಬೇಡ. ಪೂಜೆಯ ಟೈಮು, ಮರಣ, ರಕ್ತ ಬೇಕಾದ್ರೆ ಮತ್ತು ಇಗರ್ಜಿಯ ವಿಷಯ ಮಾತ್ರ." ಹಾಕಿದ್ದು ವಾಡೊದ ಮುಖ್ಯಸ್ಥರಾದ ಗುರ್ಕಾರರು, ಆದ್ರೆ ಬರೆದು ಕೊಟ್ಟದ್ದು ನಾನು. ಕನ್ನಡ ಮಾಷ್ಟ್ರಾಗಿ ರಿಟೈರ್ ಆದವ್ನು ಅಂತ ಇಂಥ ಬರೆಯುವ ಕೆಲಸ ಎಲ್ಲ ನನ್ನ ಕೊರಳಿಗೇ ಬೀಳ್ತದೆ, ಸತ್ತವ್ರ ಬಗ್ಗೆ ನಾಲ್ಕು ಸಾಲು ಬರೆಯುವುದು, ಪಂಚಾಯತಿಗೆ ಬೀದಿ ದೀಪದ ಅರ್ಜಿ, ಹಬ್ಬದ ಆಮಂತ್ರಣ ಪತ್ರಿಕೆ. ಆ ಸಾಲು ಬರೆಯುವಾಗ ಎರಡು ನಿಮಿಷ ಸಹ ಯೋಚನೆ ಮಾಡಿರ್ಲಿಲ್ಲ. ಎಲ್ಲ ಗ್ರೂಪಲ್ಲೂ ಇರುವ ಸಾಲು ಅಲ್ವಾ. ಈಗ ಒಂದು ವರ್ಷದಿಂದ ಅದೇ ಸಾಲು ಹಲ್ಲಿನ ಸೆರೆಯಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಕೂತಿದೆ.

ಶುರುವಾದದ್ದು ಒಂದೇ ವಾರದಲ್ಲಿ ನನಗೆ ಎರಡು ಹೆಸರು ಸಿಕ್ಕಿದ್ದರಿಂದ. ಬೆಂಗಳೂರಲ್ಲಿರುವ ಮಗಳು ಫೋನಲ್ಲಿ "ಡ್ಯಾಡಿ, ನೀವು ಮೆಲ್ಲ ಕ್ರಿಸಂಘಿ ಆಗ್ತಾ ಇದ್ದೀರಿ, ಗೊತ್ತುಂಟಾ" ಅಂದ್ಳು. ಕ್ರಿಸಂಘಿ ಅಂದ್ರೆ ಈಗ ಕೇರಳದಲ್ಲಿ ಚಾಲ್ತಿಯಲ್ಲಿರುವ ಬೈಗುಳ, ಸಂಘದ (ಆರೆಸ್ಸೆಸ್ಸಿನ) ಪರವಾಗಿ ಮಾತಾಡುವ ಕ್ರಿಶ್ಚಿಯನ್. ನಾಲ್ಕು ದಿನ ಬಿಟ್ಟು ಬದಿಯಡ್ಕ ಪೇಟೆಯಲ್ಲಿ ಅಡ್ಕೆ ಮಾರ್ಲಿಕ್ಕೆ ಹೋದಾಗ ನನ್ನದೇ ಪ್ರಾಯದ ಒಬ್ಬ ಪರಿಚಯದವ್ರು ಚಾ ಕುಡೀತಾ "ನೀವು ಇಗರ್ಜಿಯವ್ರಿಗೆ ಎಂತ ಮಾಷ್ಟ್ರೇ, ಕೈಗೆ ಬರೆದು ಕೊಟ್ಟವ್ರು" ಅಂತ ನಗಾಡಿದ್ರು. ನಾನೂ ನಗಾಡಿದೆ. ಮನೆಗೆ ಬಂದು ಯೋಚನೆ ಮಾಡಿದ್ರೆ ಎರಡೂ ಪೂರ್ತಿ ಸುಳ್ಳು ಅಂತ ಹೇಳ್ಲಿಕ್ಕೆ ಆಗ್ಲಿಲ್ಲ, ಅದೇ ತಲೆಬಿಸಿ.

ಕೇರಳದ ಗಡಿಯಲ್ಲಿರುವ ನಮ್ಮ ಮಂಜೇಶ್ವರ ಕ್ಷೇತ್ರದವ್ರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಇಲ್ಲಿ ನಮ್ಮಂಥವ್ರ ವೋಟಿಗೆ ಸ್ವಲ್ಪ ಜಾಸ್ತಿಯೇ ರೇಟು. 2016ರಲ್ಲಿ ಇಲ್ಲಿ ಗೆದ್ದ ಅಂತರ 89 ವೋಟು. 2021ರಲ್ಲಿ 745. 89 ಅಂದ್ರೆ ಎಷ್ಟು ಮಾರಾಯ್ರೆ, ನಮ್ಮ ವಾಡೊದ 43 ಮನೆಯಲ್ಲಿ ಗಲ್ಫಿಗೆ ಬೆಂಗಳೂರಿಗೆ ಹೋದವ್ರನ್ನು ಬಿಟ್ಟು ಊರಲ್ಲಿ ಉಳಿದವ್ರ ಲೆಕ್ಕ ಅದಕ್ಕಿಂತ ಜಾಸ್ತಿ ಇರ್ಬಹುದು. ಹಾಗಾಗಿ ಇಲೆಕ್ಷನ್ ಬಂತು ಅಂದ್ರೆ ಭಾನುವಾರ ಪೂಜೆ ಬಿಡುವಾಗ ಗೇಟಿನ ಹತ್ರ ಮೂರೂ ಕಡೆಯವ್ರ ನಗು ಮುಖ ಇರ್ತದೆ. ನಮಗೆ ಬಿಷಪ್ಪರು ಮಂಗಳೂರಲ್ಲಿ, ಸರ್ಕಾರ ತಿರುವನಂತಪುರದಲ್ಲಿ. ಪ್ರಾರ್ಥನೆ ಕೊಂಕಣಿಯಲ್ಲಿ, ಶಾಲೆ ಕನ್ನಡದಲ್ಲಿ, ಜಗಳ ತುಳುವಿನಲ್ಲಿ, ರೇಷನ್ ಕಾರ್ಡ್ ಮಲಯಾಳದಲ್ಲಿ. ಮಲಯಾಳ ಟಿವಿಯ ಚರ್ಚೆಯಲ್ಲಿ 'ಕ್ರೈಸ್ತ ಸಮುದಾಯ' ಅಂದ್ರೆ ಕೋಟ್ಟಯಂ ಪಾಲಾ ಕಡೆಯ ಸಿರಿಯನ್ ಕ್ರಿಶ್ಚಿಯನ್ನರು, ರಬ್ಬರ್ ತೋಟದವ್ರು. ಮಂಗಳೂರಿನ ಪೇಪರಲ್ಲಿ 'ಕರಾವಳಿಯ ಕ್ರೈಸ್ತರು' ಅಂದ್ರೆ ರಾಜ್ಯದ ಗಡಿ ತಲಪಾಡಿಯಿಂದ ಆಚೆಯವ್ರು. ನಾವು ಎರಡರಲ್ಲೂ ಇಲ್ಲ, ವೋಟು ಎಣಿಸುವ ದಿನ ಮಾತ್ರ ಎಲ್ಲರಿಗೂ ನೆನಪಾಗ್ತೇವೆ.

ನಾನು ಯಾವ ಕಡೆ

ನಾನು ಹಳೇ ಕಾಲದ ಕಥೊಲಿಕ. ಮುಚ್ಚಿಡುವಂಥದ್ದು ಏನಿಲ್ಲ. ದೊತೊರ್ನ್ (ಧರ್ಮಶಿಕ್ಷಣ) ಕ್ಲಾಸಲ್ಲಿ ಕಲ್ಸಿದ್ದನ್ನೇ ಇವತ್ತಿಗೂ ನಂಬ್ತೇನೆ. ಮದುವೆ ಅಂದ್ರೆ ಸಂಸ್ಕಾರ, ಸರಿ ಆಗ್ಲಿಲ್ಲ ಅಂತ ವಾಪಸ್ ಕೊಡುವ ಸಾಮಾನಲ್ಲ. ಹೊಟ್ಟೆಯಲ್ಲಿರುವ ಕೂಸಿಗೂ ಜೀವ ಉಂಟು, ಅದನ್ನು ತೆಗೆಯುವ ಹಕ್ಕು ಯಾರಿಗೂ ಇಲ್ಲ. ಸಂಜೆ ಏಳಕ್ಕೆ ತೇರ್ಸು ಅಂದ್ರೆ ಜಪಮಾಲೆ ಪ್ರಾರ್ಥನೆ, ತಪಸ್ಸಿನ ಕಾಲದಲ್ಲಿ ಶುಕ್ರವಾರ ಮೀನಿಲ್ಲ ಮಾಂಸವಿಲ್ಲ (ಮೀನು ಬಿಡ್ಬೇಕು ಅಂತ ಕಡ್ಡಾಯ ಇಲ್ಲ, ಆದ್ರೆ ಕರಾವಳಿಯವ್ರು ಮೀನು ತಿಂದುಕೊಂಡು ಉಪವಾಸ ಅಂದ್ರೆ ದೇವರಿಗೂ ನಗು ಬರ್ಬಹುದು). ಪೂಜೆಯಲ್ಲಿ ಡ್ರಮ್ ಸೆಟ್ ಬಾರಿಸುವುದು ನನಗೆ ಆಗುದಿಲ್ಲ. ಮಗಳಿಗೆ ಇದರಲ್ಲಿ ಅರ್ಧಕ್ಕರ್ಧ ಒಪ್ಪಿಗೆ ಇಲ್ಲ, ನನಗೆ ಅವಳ ಅರ್ಧಕ್ಕರ್ಧ ಮಾತು ಒಪ್ಪಿಗೆ ಇಲ್ಲ, ಊಟ ಮಾತ್ರ ಒಟ್ಟಿಗೇ ಮಾಡ್ತೇವೆ.

ರಿಟೈರ್ ಆದ ಮೇಲೆ ಯೂಟ್ಯೂಬ್ ನೋಡುವುದು ಜಾಸ್ತಿ ಆಯ್ತು. ಅಮೆರಿಕದ ಕಥೊಲಿಕರು ಕೋಟು ಹಾಕ್ಕೊಂಡು ಪುಸ್ತಕದ ಕಪಾಟಿನೆದುರು ಕೂತು ಮಾತಾಡುವ ವೀಡಿಯೋಗಳು. 2022ರ ಜೂನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಗರ್ಭಪಾತಕ್ಕೆ ಹಕ್ಕು ಕೊಟ್ಟಿದ್ದ 1973ರ ತೀರ್ಪನ್ನು ರದ್ದು ಮಾಡಿದಾಗ ನಾನು ಅಡುಗೆ ಕೋಣೆಗೆ ಹೋಗಿ ಹೆಂಡತಿಗೆ ಸುದ್ದಿ ಹೇಳಿದೆ, ನಮ್ಮ ವಾರ್ಡಿನ ಮೆಂಬರ್ ಗೆದ್ದ ಹಾಗೆ. ಅವಳು ತೆಂಗಿನಕಾಯಿ ತುರೀತಾ "ನಮ್ಮಲ್ಲಿ ಎಂತ ಕಾನೂನು ಉಂಟು?" ಅಂತ ಕೇಳಿದ್ಳು. 1971ರಿಂದಲೇ ಕಾನೂನು ಉಂಟು, ಹೋದ ವರ್ಷ ಕೆಲವರಿಗೆ 20 ವಾರ ಇದ್ದದ್ದನ್ನು 24 ವಾರ ಮಾಡಿದ್ರು ಅಂದೆ. "ಆಗ ನೀವು ಎಂತ ಮಾಡಿದ್ರಿ?" ಏನೂ ಮಾಡಿರ್ಲಿಲ್ಲ. ಪಾರ್ಲಿಮೆಂಟಲ್ಲಿ ಆ ತಿದ್ದುಪಡಿ ಪಾಸಾಗುವಾಗ ನನಗೆ ಗೊತ್ತೇ ಇರ್ಲಿಲ್ಲ, ಆಮೇಲೆ ನೋಡಿ ತಿಳಿದದ್ದು. ಈ ದೇಶದಲ್ಲಿ ಅದನ್ನು ವಿಷಯ ಮಾಡಿ ವೋಟು ಕೇಳುವ ಪಕ್ಷವೇ ಇಲ್ಲ, ಎಡಕ್ಕೂ ಬಲಕ್ಕೂ ಇಲ್ಲ. ನಮ್ಮ ಶೆಲ್ಫಿನಲ್ಲಿ ಇಲ್ಲದ ಸಾಮಾನಿಗೆ ನಾನು ಅಮೆರಿಕದ ಅಂಗಡಿಯೆದುರು ಕ್ಯೂ ನಿಂತಿದ್ದೆ.

ಜೀವದ ಮಾತು ಬಂದದ್ದಕ್ಕೆ ಇನ್ನೊಂದು ಹೇಳ್ತೇನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಗೇರು ತೋಟದ ಮೇಲೆ ಹೆಲಿಕಾಪ್ಟರ್ ಬರ್ತಿತ್ತು, ಎಂಡೋಸಲ್ಫಾನ್ ಕೀಟನಾಶಕ ಹೊಡೀಲಿಕ್ಕೆ. ಸದ್ದು ಕೇಳಿದ ಕೂಡ್ಲೆ ಮಕ್ಕಳು ಕಿಟಕಿಗೆ ಓಡ್ತಿದ್ರು. ನೋಡ್ಲಿ ಪಾಪ, ಹೆಲಿಕಾಪ್ಟರ್ ಯಾವಾಗ ಕಾಣ್ಲಿಕ್ಕೆ ಸಿಗ್ತದೆ ಅಂತ ನಾನೇ ಗ್ರೌಂಡಿಗೆ ಬಿಟ್ಟಿದ್ದೇನೆ. ಎಣ್ಮಕಜೆಯ ಪಡ್ರೆ ಕಡೆ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ಇಲ್ಲಿ ಏನೋ ಸರಿ ಇಲ್ಲ ಅಂತ ಬರೀತಾ ಇದ್ದದ್ದು, ಶ್ರೀ ಪಡ್ರೆಯವ್ರು ಪೇಪರಿಗೆ ಹಾಕಿದ್ದು ಎಲ್ಲ ನಾವು ಓದಿದ್ದು ತಡವಾಗಿ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷ ನಿಲ್ಲಿಸಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಹೇಳಿತು, ಆಮೇಲೂ ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ಧರಣಿ ಕೂರ್ಬೇಕಾಯ್ತು. ಆ ಧರಣಿಗೆ ನಮ್ಮ ವಾಡೊದಿಂದ ಒಂದು ಬಸ್ಸು ಮಾಡಿ ಹೋಗುವ ಅಂತ ಒಬ್ಬ ಹುಡುಗ ಕೇಳಿದ್ದ. ಅದು ಪಕ್ಷದವ್ರ ವಿಷಯ, ನಮಗೆ ಬೇಡ ಅಂತ ಮೀಟಿಂಗಲ್ಲಿ ಆಯ್ತು. ನಾನೂ ತಲೆ ಆಡಿಸಿದ್ದೆ. ಹೊಟ್ಟೆಯಲ್ಲಿದ್ದಾಗಲೇ ವಿಷ ತಾಗಿದ ಮಕ್ಕಳು ಅವು.

ಬಾಪ್ಪು ಮತ್ತು ಬಾವುಟ

ನನ್ನ ಅಪ್ಪನ ತಮ್ಮ, ಬಾಪ್ಪು, ಬೀಡಿ ಕಟ್ತಿದ್ದ. ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ತಡ್ಪೆ (ಮೊರ), ತಡ್ಪೆಯಲ್ಲಿ ಒಂದು ಕಡೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಇನ್ನೊಂದು ಕಡೆ ಹೊಗೆಸೊಪ್ಪಿನ ಪುಡಿ. ತಗಡಿನ ಅಳತೆ ಎಲೆ ಮೇಲಿಟ್ಟು ಕತ್ತರಿಯಲ್ಲಿ ಸುತ್ತ ಕತ್ತರಿಸ್ತಿದ್ದ, ಪುಡಿ ಹಾಕಿ ಸುರುಳಿ ಮಾಡಿ, ತುದಿ ಒಳಗೆ ಮಡಿಚಿ, ನೂಲು ಸುತ್ತಿ ಎಸೆದ ಅಂದ್ರೆ ಮುಗೀತು. ಕಣ್ಣು ಬೇರೆಲ್ಲೋ ಇರ್ತಿತ್ತು. ಸಂಜೆ ತೇರ್ಸಿಗೆ ಎಲ್ಲರೂ ಮೊಣಕಾಲೂರಿದ್ರೆ ಬಾಪ್ಪು ಮಾತ್ರ ತಡ್ಪೆ ಬಿಡ್ತಿರ್ಲಿಲ್ಲ, ಅಲ್ಲಿಂದಲೇ ಜವಾಬು ಕೊಡ್ತಿದ್ದ. ಅಜ್ಜಿ ಗದರಿಸಿದ್ರೆ "ನನ್ನ ಜಪಮಾಲೆ ಇದೇ ಅಮ್ಮಾ" ಅಂತಿದ್ದ. ಒಂದು ನಮಾನ್ ಮರಿಯೆಗೆ (ಮರಿಯಮ್ಮನ ಜಪಕ್ಕೆ) ಒಂದು ಬೀಡಿ. ಅಜ್ಜಿಯದ್ದು ಎಳೆದು ಎಳೆದು ಹೇಳುವ ತೇರ್ಸು, ಹಾಗಾಗಿ ಸರಿ ಹೊಂದ್ತಿತ್ತು. ತೇರ್ಸಿನಲ್ಲಿ ನಮಾನ್ ಮರಿಯೆ 53, ಬೀಡಿ ಕಟ್ಟಿಗೆ 25. ಅಂದ್ರೆ ಒಂದು ತೇರ್ಸಿಗೆ ಎರಡು ಕಟ್ಟು, ಮೇಲೆ ಮೂರು ಬೀಡಿ. ಆ ಮೂರು ತನ್ನ ಖರ್ಚಿಗೆ, ದೇವರು ಕೊಟ್ಟದ್ದು ಅಂತ ಕಿವಿಗೆ ಒಂದು ಸಿಕ್ಕಿಸಿ ಉಳಿದೆರಡು ಕಿಸೆಗೆ ಹಾಕ್ತಿದ್ದ.

ಅವ ಯೂನಿಯನ್ನಿನವ. ಕೆಂಪು ಬಾವುಟದ ಯೂನಿಯನ್. ಅದು ಮನೆಯಲ್ಲಿ ದೊಡ್ಡ ಗಲಾಟೆ. ಕಮ್ಯುನಿಸ್ಟರ ಜೊತೆ ಸೇರಿದವ್ರಿಗೆ ಸಂಸ್ಕಾರ ಇಲ್ಲ ಅಂತ ರೋಮಿನಿಂದ 1949ರಲ್ಲೇ ಆದೇಶ ಬಂದಿತ್ತು, ಅಪ್ಪನಿಗೆ ಅದು ಬಾಯಿಪಾಠ. 1959ರಲ್ಲಿ ಇ.ಎಂ.ಎಸ್. ಅವ್ರ ಕಮ್ಯುನಿಸ್ಟ್ ಸರ್ಕಾರವನ್ನು ಇಳಿಸ್ಲಿಕ್ಕೆ ಕೇರಳದ ಇಗರ್ಜಿಗಳು ಬೀದಿಗೆ ಬಂದದ್ದನ್ನು, ಜುಲೈ 31ಕ್ಕೆ ದೆಹಲಿಯವ್ರು ಸರ್ಕಾರ ವಜಾ ಮಾಡಿದ್ದನ್ನು ಅಪ್ಪ ಪವಾಡ ಅನ್ನುವ ಹಾಗೆ ಹೇಳ್ತಿದ್ರು. ಆಗ ಕಾಸರಗೋಡು ಕೇರಳಕ್ಕೆ ಸೇರಿ ಮೂರು ವರ್ಷ ಸಹ ಆಗಿರ್ಲಿಲ್ಲ. ಬಾಪ್ಪು ಅದಕ್ಕೆಲ್ಲ ಜಗಳಕ್ಕೆ ಬರ್ತಿರ್ಲಿಲ್ಲ. "ಸಾವಿರ ಬೀಡಿಗೆ ಎಂಟಾಣೆ ಜಾಸ್ತಿ ಕೊಡ್ಸಿದ್ದು ಪದ್ರಾಬ್ (ಪಾದ್ರಿ) ಅಲ್ಲ ಅಣ್ಣಾ" ಅಂತ ಒಂದೇ ಮಾತು, ಮತ್ತೆ ನೂಲು ಸುತ್ತುವುದು.

ನಾನು ಪಿಯುಸಿಯಲ್ಲಿದ್ದಾಗ ಬಾಪ್ಪು ತೀರಿಕೊಂಡ, ಎದೆಯ ಕಾಯಿಲೆ, ಹೊಗೆಸೊಪ್ಪಿನ ಧೂಳು. ಜುಲೈ ತಿಂಗಳ ಮಳೆ. ಇಗರ್ಜಿಯ ಆಗಿನ ಗುರುಗಳು, ವಿಗಾರರು, ಪಾಸ್ಕಾದ ಕುಮ್ಸಾರ್ (ಈಸ್ಟರಿನ ಪಾಪನಿವೇದನೆ) ಮಾಡಿದ್ದಾನಾ ಅಂತ ಅಪ್ಪನ ಹತ್ರ ಮೂರು ಸಲ ಕೇಳಿದ್ರು, ಮಾಡಿದ್ದ, ಹಾಗಾಗಿ ಮಣ್ಣಿಗೆ ತೊಂದರೆ ಆಗ್ಲಿಲ್ಲ. ಆದ್ರೆ ಯೂನಿಯನ್ನಿನವ್ರು ಹತ್ತಿಪ್ಪತ್ತು ಜನ ಬಾವುಟ ತಂದಿದ್ರು, ಪೆಟ್ಟಿಗೆಯ ಮೇಲೆ ಹೊದೆಸ್ಲಿಕ್ಕೆ. ವಿಗಾರರು ಗೇಟಿಗೇ ಬಂದು ನಿಂತು, ದೇವರ ಮನೆಯೊಳಗೆ ರಾಜಕೀಯ ಬೇಡ, ಜನ ಬರ್ಲಿ ಬಾವುಟ ಬೇಡ ಅಂದ್ರು. ಸ್ವಲ್ಪ ಹೊತ್ತು ಗುಸುಗುಸು ಆಯ್ತು. ಆಮೇಲೆ ಉಳಿದವ್ರೆಲ್ಲ ಒಳಗೆ ಬಂದ್ರು, ಒಬ್ಬ ಮಾತ್ರ ಬರ್ಲಿಲ್ಲ. ಬಾವುಟ ಮಡಿಚಿ ಯೂರಿಯದ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಎದೆಗೆ ಒತ್ತಿ ಹಿಡ್ಕೊಂಡು, ಓಲೆ ಕೊಡೆ ಹಿಡಿದು ಗೇಟಿನ ಹೊರಗೆ ನಿಂತುಬಿಟ್ಟ. ಪೂಜೆ ಒಂದು ಗಂಟೆ, ಮಣ್ಣು ಅರ್ಧ ಗಂಟೆ. ಮಣ್ಣು ಮುಗಿಸಿ ಬರುವಾಗಲೂ ಅಲ್ಲೇ ಇದ್ದ, ಮೊಣಕಾಲಿನವರೆಗೆ ಕೆಸರು ಹಾರಿತ್ತು. ಅಪ್ಪ ಹತ್ರ ಹೋಗಿ ಅವನ ಕೈ ಹಿಡಿದ್ರು. ಏನು ಮಾತಾಡಿದ್ರೋ ಮಳೆಗೆ ಕೇಳ್ಲಿಲ್ಲ.

ನಾನು ಇವತ್ತಿಗೂ ಹೇಳ್ತೇನೆ, ಬಾವುಟದ ವಿಷಯದಲ್ಲಿ ವಿಗಾರರು ಮಾಡಿದ್ದು ಸರಿ. ಮಗಳು ಎಷ್ಟು ವಾದ ಮಾಡಿದ್ರೂ ಇದರಲ್ಲಿ ನಾನು ಸಡಿಲ ಆಗುದಿಲ್ಲ. ಆಲ್ತಾರಿನ ಎದುರು ಮಲಗಿದವ ಯೂನಿಯನ್ನಿನವ ಅಲ್ಲ, ದೀಕ್ಷಾಸ್ನಾನ ಪಡೆದ ಒಬ್ಬ ಮನುಷ್ಯ, ಅಷ್ಟೇ. ಆದ್ರೆ ಆಮೇಲೆ ಬಂದ ಇಲೆಕ್ಷನಿಗೆ ಅದೇ ವಿಗಾರರು ಶೆರ್ಮಾಂವಿನಲ್ಲಿ (ಪೂಜೆಯ ಪ್ರಸಂಗದಲ್ಲಿ) ಇಂಥವ್ರಿಗೆ ವೋಟು ಹಾಕ್ಬೇಡಿ, ಯಾರಿಗೆ ಹಾಕ್ಬೇಕು ಅಂತ ನಿಮಗೇ ಗೊತ್ತುಂಟು ಅಂತ ಹತ್ತು ನಿಮಿಷ ಹೇಳಿದ್ರು. ಅದು ರಾಜಕೀಯ ಅಂತ ಯಾರಿಗೂ ಅನ್ನಿಸ್ಲಿಲ್ಲ, ನನಗೂ ಅನ್ನಿಸ್ಲಿಲ್ಲ, ಆಗ ನನಗೆ ವೋಟಿನ ಪ್ರಾಯ ಆಗಿರ್ಲಿಲ್ಲ ಅಂತ ನೆಪ ಹೇಳ್ಬಹುದು. ಬಾವುಟ ಗೇಟಿನ ಹೊರಗೆ ನಿಲ್ಬೇಕು ಅಂತಾದ್ರೆ ಬಣ್ಣ ಯಾವುದಾದ್ರೂ ನಿಲ್ಬೇಕಲ್ವಾ.

2021ರ ಜುಲೈ

ಆದಿವಾಸಿಗಳ ಹಕ್ಕಿಗಾಗಿ ಕೆಲಸ ಮಾಡ್ತಿದ್ದ, ಭೀಮಾ ಕೋರೆಗಾಂವ್ ಕೇಸಲ್ಲಿ ಜೈಲಿಗೆ ಹೋದ ಜೆಜ್ವಿತ್ ಗುರು ಫಾದರ್ ಸ್ಟಾನ್ ಸ್ವಾಮಿ ತೀರಿಕೊಂಡದ್ದು 2021ರ ಜುಲೈ 5ಕ್ಕೆ. 84 ವರ್ಷ, ಪಾರ್ಕಿನ್ಸನ್ ಕಾಯಿಲೆ, ಜೈಲಲ್ಲಿದ್ದಾಗ ನೀರು ಕುಡೀಲಿಕ್ಕೆ ಒಂದು ಸಿಪ್ಪರ್ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕ್ಬೇಕಾಗಿ ಬಂದ ಮುದುಕ. ಜಾಮೀನು ಸಿಗುವ ಮೊದಲೇ ಆಸ್ಪತ್ರೆಯಲ್ಲಿ ಹೋದ್ರು. ಅವತ್ತು ರಾತ್ರಿ ನಮ್ಮ ಗ್ರೂಪಲ್ಲಿ ಒಬ್ಬಳು ಹುಡುಗಿ, ಆ ಎಂಡೋಸಲ್ಫಾನ್ ಬಸ್ಸು ಕೇಳಿದ ಹುಡುಗನ ತಂಗಿಯೇ, ನಾಳೆ ಎಲ್ಲರೂ ಮನೆಯಲ್ಲಿ ಅವ್ರಿಗಾಗಿ ಒಂದು ತೇರ್ಸು ಮಾಡುವ ಅಂತ ಹಾಕಿದ್ಳು. ನಾನು ಕೂಡ್ಲೆ ಟೈಪ್ ಮಾಡಿದೆ, "ಗ್ರೂಪಲ್ಲಿ ರಾಜಕೀಯ ಬೇಡ." ಅಷ್ಟು ಬರೆದು ಗುರ್ಕಾರರು ಹಾಕಿದ್ದ ಆ ಮೆಸೇಜನ್ನು ಟ್ಯಾಗ್ ಸಹ ಮಾಡಿದೆ. ಮೂರು ಜನ ಹೆಬ್ಬೆರಳಿನ ಚಿತ್ರ ಹಾಕಿದ್ರು.

ನನ್ನ ಮನಸ್ಸಲ್ಲಿ ಆಗ ಏನಿತ್ತು ಅಂತ ಈಗ ಸರಿಯಾಗಿ ಹೇಳ್ಬೇಕು. ಕೇಸು ಸತ್ಯವೋ ಸುಳ್ಳೋ ನನಗೆ ಗೊತ್ತಿರ್ಲಿಲ್ಲ, ನಕ್ಸಲ್ ಅನ್ನುವ ಮಾತು ಟಿವಿಯಲ್ಲಿ ಕೇಳಿದ್ದೆ, ಗುರುಗಳು ಇಗರ್ಜಿಯಲ್ಲಿರ್ಬೇಕು ಕಾಡಲ್ಲಿ ಹಕ್ಕು ಗಿಕ್ಕು ಅಂತ ಹೋಗ್ಬಾರ್ದು ಅನ್ನುವುದು ನನ್ನ ಮೊದಲಿನಿಂದಲೂ ಇದ್ದ ಅಭಿಪ್ರಾಯ, ಈಗಲೂ ಅರ್ಧ ಹಾಗೇ ಉಂಟು. ಅದೆಲ್ಲ ಇರ್ಲಿ. ಸತ್ತ ಗುರುವಿಗಾಗಿ ತೇರ್ಸು ಹೇಳುವುದು ರಾಜಕೀಯ ಹೇಗಾಯ್ತು? ನನ್ನ ಅಜ್ಜಿ ದಾರಿಯಲ್ಲಿ ಯಾರ ಮಯ್ಯತ್ ಹೋದ್ರೂ, ಯಾರ ಚಟ್ಟ ಹೋದ್ರೂ ಶಿಲುಬೆ ಗುರ್ತು ಮಾಡ್ತಿದ್ಳು, ಹೆಸರು ಕೇಳ್ತಿರ್ಲಿಲ್ಲ. ಸಂಪ್ರದಾಯ ಸಂಪ್ರದಾಯ ಅಂತ ಬಾಯಿ ಬಡಿಯುವ ನಾನು ಸಂಪ್ರದಾಯದಲ್ಲಿ ಎಲ್ಲಕ್ಕಿಂತ ಹಳೆಯದನ್ನೇ, ಸತ್ತವ್ರಿಗೆ ಪ್ರಾರ್ಥನೆ ಮಾಡುವುದನ್ನೇ, ಬೇಡ ಅಂದಿದ್ದೆ.

ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಎಂಎಲ್ಎ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣ ವಚನ ತೆಗೆದುಕೊಂಡ ವೀಡಿಯೋ ಗ್ರೂಪಿಗೆ ಬಂದಿತ್ತು. ಮುಸ್ಲಿಂ ಲೀಗಿನವ್ರು. ಅದಕ್ಕೆ ನಾವೆಲ್ಲ ಚಪ್ಪಾಳೆ ಹಾಕಿದ್ದೇವೆ, ನಾನು ಎರಡು ಸಲ. 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಕಾಸರಗೋಡಿನ ಪ್ರತಿಭಟನೆಗೆ ಹೋಗಿ ಬಿಸಿಲಲ್ಲಿ ಕೂತಿದ್ದೇನೆ, ಆ ಫೋಟೋ ಸಹ ಗ್ರೂಪಿಗೆ ಹಾಕಿದ್ದೆ. ಅದು ನಮಗೆ ರಾಜಕೀಯ ಅಲ್ಲ, ಅದು ಕನ್ನಡ.

ತಲಪಾಡಿಯ ಆಚೆ ಈಚೆ

ಇನ್ನೊಂದು ಒಪ್ಪಿಕೊಳ್ಬೇಕಾದ್ದು ಉಂಟು. ಕರ್ನಾಟಕದಲ್ಲಿ ಮತಾಂತರ ನಿಷೇಧದ ಮಸೂದೆ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಪಾಸು ಮಾಡಿದ್ದು 2021ರ ಡಿಸೆಂಬರ್ 23, ಕ್ರಿಸ್ಮಸ್ಸಿಗೆ ಎರಡು ದಿನ. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಅದರ ವಿರುದ್ಧ ಮಾತಾಡ್ತಾ ಇದ್ರು. ನಾನು ಮನೆಯಲ್ಲಿ ಕುಸ್ವಾರಿಗೆ (ಕ್ರಿಸ್ಮಸ್ ತಿಂಡಿಗೆ) ನೆವ್ರಿ ಮಡಚ್ತಾ ಒಳಗೊಳಗೇ ಖುಷಿಯಲ್ಲಿದ್ದೆ. ಯಾಕೆಂದ್ರೆ ನನಗೆ ಆ ಹೊಸ ಪ್ರಾರ್ಥನಾ ಮಂದಿರದವ್ರ (ಕಥೊಲಿಕರಲ್ಲದ ಹೊಸ ಕ್ರೈಸ್ತ ಪಂಗಡದವ್ರ) ಮೇಲೆ ಸಿಟ್ಟಿತ್ತು. ಅವ್ರು ಹಿಂದೂಗಳನ್ನು ಎಷ್ಟು ಕರ್ಕೊಂಡು ಹೋದ್ರೋ ದೇವರಿಗೇ ಗೊತ್ತು, ನಮ್ಮ ವಾಡೊದಿಂದ ಮೂರು ಮನೆ ಹೋಗಿದೆ. ಜಪಮಾಲೆ ಬಾವಿಗೆ ಹಾಕಿ ಹೋದವ್ರೂ ಇದ್ದಾರೆ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಲ್ಲಿ ಇಗರ್ಜಿ ಮಠಗಳಿಗೆ ನುಗ್ಗಿ ಶಿಲುಬೆ ಮುರಿದಾಗಲೂ ನಮ್ಮವ್ರಲ್ಲಿ ಎಷ್ಟೋ ಜನ ಹೇಳಿದ್ದು ಇದೇ, ಅವ್ರು ಮಾಡಿದ್ದಕ್ಕೆ ಪೆಟ್ಟು ನಮಗೆ ಅಂತ. ಹೊಡೆದವ್ರಿಗಿಂತ ನಮಗೆ ಆ ಮಂದಿರದವ್ರ ಮೇಲೆ ಸಿಟ್ಟು ಜಾಸ್ತಿ.

ಆಮೇಲೆ ಕಾಯ್ದೆ ಓದಿದೆ, ಮಾಷ್ಟ್ರಾಗಿದ್ದವ್ನಿಗೆ ಮೂಲ ಓದದೆ ಸಮಾಧಾನ ಆಗುದಿಲ್ಲ. ಒಬ್ಬ ಮತ ಬದಲಿಸ್ಬೇಕಾದ್ರೆ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬರೆದು ಕೊಡ್ಬೇಕು, ನಡೆಸಿಕೊಡುವ ಗುರುವೂ ಬರೆದು ಕೊಡ್ಬೇಕು, ಅವ್ರು ನೋಟೀಸ್ ಬೋರ್ಡಿಗೆ ಹಾಕಿ ಯಾರದ್ದಾದ್ರೂ ಆಕ್ಷೇಪ ಉಂಟಾ ಅಂತ ಕೇಳ್ತಾರೆ. ಶಿಕ್ಷೆ 3ರಿಂದ 5 ವರ್ಷ, ಹೆಂಗಸರು, ಅಪ್ರಾಪ್ತರು, ದಲಿತರ ವಿಷಯ ಆದ್ರೆ 10 ವರ್ಷದವರೆಗೆ. ಓದ್ತಾ ಹೋದ ಹಾಗೆ ನನ್ನ ಖುಷಿ ಇಳೀತು. ದೀಕ್ಷಾಸ್ನಾನ ಅಂದ್ರೆ ದೇವರ ಕೆಲಸ ಅಂತ ನಂಬುವವ ನಾನು. ಅದಕ್ಕೆ ಒಬ್ಬ ಆಫೀಸರ್ ನೋಟೀಸ್ ಅಂಟಿಸಿ ಒಂದು ತಿಂಗಳು ಕಾಯುವುದು ಅಂದ್ರೆ ಎಂತ? ಲಿಬರಲ್ ಆದವ್ನಿಗೆ ಅದು ಹಕ್ಕಿನ ಪ್ರಶ್ನೆ, ಸರಿ. ನನ್ನಂಥ ಹಳೇ ತಲೆಗೆ ಅದು ಇನ್ನೂ ದೊಡ್ಡ ಪ್ರಶ್ನೆ ಆಗ್ಬೇಕಿತ್ತು, ಆಗಿರ್ಲಿಲ್ಲ. ನಮ್ಮ ಕುರಿ ಕದಿಯುವವ್ರನ್ನು ಹಿಡೀಲಿ ಅಂತ ದೊಡ್ಡಿಯ ಬೀಗದ ಕೈಯನ್ನೇ ಸರ್ಕಾರಕ್ಕೆ ಕೊಡ್ಲಿಕ್ಕೆ ಹೊರಟಿದ್ದೆ.

ಸಂವಿಧಾನ ಸಭೆಯಲ್ಲಿ ನಮ್ಮ ಮಂಗಳೂರಿನವ್ರೇ ಆದ ಜೆಜ್ವಿತ್ ಗುರು ಜೆರೋಮ್ ಡಿಸೋಜ ಇದ್ರು. ಕ್ರಿಶ್ಚಿಯನ್ನರು ಮೀಸಲು ಸೀಟು ಬಿಟ್ಟುಕೊಟ್ರು, 25ನೇ ವಿಧಿಯಲ್ಲಿ ಧರ್ಮ ಪಾಲಿಸುವ ಜೊತೆಗೆ ಪ್ರಚಾರ ಮಾಡುವ ಹಕ್ಕು ಸಹ ಉಳೀತು. 1977ರಲ್ಲಿ ಸುಪ್ರೀಂ ಕೋರ್ಟು ಪ್ರಚಾರ ಅಂದ್ರೆ ಮತಾಂತರ ಮಾಡಿಸುವ ಹಕ್ಕಲ್ಲ ಅಂತ ಹೇಳಿತು, ಅಲ್ಲಿಂದ ಮುಂದೆ ಬಂದ ಇಂಥ ಕಾಯ್ದೆಗಳಿಗೆ ದಾರಿ ಆಯ್ತು. 2023ರ ಜೂನಲ್ಲಿ ಕರ್ನಾಟಕದ ಹೊಸ ಸರ್ಕಾರದ ಸಂಪುಟ ಈ ಕಾಯ್ದೆ ವಾಪಸ್ ತೆಗೀತೇವೆ ಅಂತ ತೀರ್ಮಾನ ಮಾಡ್ತು. ನಮ್ಮ ಕಡೆ ತಲಪಾಡಿಯ ಈಚೆಗೆ ಇಂಥದ್ದೊಂದು ಕಾಯ್ದೆಯೇ ಇಲ್ಲ. ಬಿಷಪ್ಪರು ಅವ್ರೇ, ಪ್ರಾರ್ಥನೆ ಪುಸ್ತಕ ಅದೇ, ಚೆಕ್‌ಪೋಸ್ಟ್ ದಾಟಿದ ಕೂಡ್ಲೆ ನೀರು ಹೊಯ್ಯುವ ಗುರುವಿನ ತಲೆ ಮೇಲೆ ಬೇರೆ ಕಾನೂನು. ನಾನು ಕ್ಲಾಸಲ್ಲಿ ಗೋವಿಂದ ಪೈಗಳ 'ಗೊಲ್ಗೊಥಾ' ಓದಿ ಹೇಳ್ತಿದ್ದೆ, ಶುಭ ಶುಕ್ರವಾರದ ಹಿಂದಿನ ವಾರ. ಮಂಜೇಶ್ವರದ ಕೊಂಕಣಿ ಬ್ರಾಹ್ಮಣರು ಯೇಸುವಿನ ಕಡೆಯ ದಿನದ ಬಗ್ಗೆ ಹಳಗನ್ನಡದ ಬಿಗಿಯಲ್ಲಿ ಬರೆದದ್ದನ್ನು ಒಬ್ಬ ಕಿರಿಸ್ತಾನ ಮಾಷ್ಟ್ರು ಬ್ಯಾರಿ, ಬಂಟ, ಭಟ್ರ ಮಕ್ಕಳಿಗೆ ಅರ್ಥ ಹೇಳುವುದು. ಒಬ್ಬ ಅಪ್ಪನೂ ಬಂದು ಎಂತ ಮಾಷ್ಟ್ರೇ ಇದು ಅಂತ ಕೇಳ್ಲಿಲ್ಲ. ಈಗ ಓದುವ ಧೈರ್ಯ ಎಷ್ಟು ಜನರಿಗೆ ಉಂಟೋ.

ತೆನೆ

ಇಷ್ಟೆಲ್ಲ ತಿಳಿದುಕೊಂಡವ ಮತ್ತೆ ತಪ್ಪು ಮಾಡುದಿಲ್ಲ ಅಂತ ನಿಮಗೆ ಅನ್ನಿಸ್ಬಹುದು. ಕಳೆದ ವರ್ಷ ಆಗಸ್ಟ್ ಕೊನೆಗೆ ನನಗೆ ಒಂದು ವೀಡಿಯೋ ಬಂತು. ಒಂದು ಹುಡುಗಿ ಅಳ್ತಾ ಇದ್ದಾಳೆ, ಕೆಳಗೆ ಬರೆದಿದ್ರು, ನಮ್ಮ ಹುಡುಗಿ, ಅವ್ರ ಹುಡುಗ, ಎಚ್ಚರ ಇರಿ, ಎಲ್ಲ ಕ್ರೈಸ್ತ ತಂದೆತಾಯಿಗೆ ಕಳಿಸಿ. 2021ರಲ್ಲಿ ಪಾಲಾದ ಬಿಷಪ್ಪರು ಶೆರ್ಮಾಂವಿನಲ್ಲಿ ನಾರ್ಕೋಟಿಕ್ ಜಿಹಾದ್ (ಮುಸ್ಲಿಮರು ಮಾದಕ ವಸ್ತು ಕೊಟ್ಟು ಬೇರೆಯವ್ರ ಮಕ್ಕಳನ್ನು ಹಾಳು ಮಾಡ್ತಾರೆ ಅನ್ನುವ ಆರೋಪ) ಅಂತ ಹೇಳಿದ ಮೇಲೆ ಇಂಥವು ದಿನಕ್ಕೆರಡು ಬರ್ತವೆ. ಅವ್ರು ಅದನ್ನು ಹೇಳಿದ್ದೂ ಸೆಪ್ಟೆಂಬರ್ 8, ನಮ್ಮ ಮೊಂತಿ ಫೆಸ್ತಿನ (ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ದಿನವೇ. ನನಗೂ ಹೆಣ್ಣು ಮಗಳುಂಟಲ್ಲ, ದೂರದ ಊರಲ್ಲಿ. ಹಿಂದೆಮುಂದೆ ನೋಡದೆ ಗ್ರೂಪಿಗೆ ಕಳಿಸಿದೆ. ಗ್ರೂಪಲ್ಲಿ ರಾಜಕೀಯ ಬೇಡ ಅಂತ ಯಾರೂ ಹೇಳ್ಲಿಲ್ಲ. ನನಗೆ ನೆನಪೇ ಆಗ್ಲಿಲ್ಲ. ಮೂರನೇ ದಿನ ಮಗಳು ಫೋನ್ ಮಾಡಿ ಅದು ಈ ದೇಶದ ವೀಡಿಯೋನೇ ಅಲ್ಲ ಡ್ಯಾಡಿ, ಯಾವುದೋ ನಾಟಕದ್ದು ಅಂದ್ಳು, ಕ್ರಿಸಂಘಿ ಅಂದದ್ದು ಆವಾಗಲೇ.

ಮೊಂತಿ ಫೆಸ್ತಿಗೆ ತೆನೆ ಬೇಕು. ನಮ್ಮ ವಾಡೊದವ್ರ ಗದ್ದೆ ಎಲ್ಲ ಅಡ್ಕೆ ತೋಟ ಆಗಿ ಇಪ್ಪತ್ತು ವರ್ಷ ಆಯ್ತು. ಬೈಲಲ್ಲಿ ಈಗ ಏಣೆಲು (ಮಳೆಗಾಲದ ಭತ್ತ) ಬೆಳೆ ಮಾಡುವುದು ಒಬ್ಬನೇ, ನನ್ನ ತೋಟದ ಕೆಳಗಿನ ಇಚ್ಚ, ಮುಸ್ಲಿಂ. ಹೆಸರು ಬೇಡ, ಊರಿಗೇ ಇಚ್ಚ. ಹತ್ತು ಹನ್ನೆರಡು ವರ್ಷದಿಂದ 43 ಮನೆಗೂ ತೆನೆ ಅವನ ಗದ್ದೆಯದ್ದೇ. ವಿಗಾರರು ಅದಕ್ಕೆ ತೀರ್ಥ ಹಾಕಿ ಆಶೀರ್ವಾದ ಮಾಡ್ತಾರೆ, ನಾವು ಮನೆಗೆ ತಂದು ಅಕ್ಕಿ ಸುಲಿದು ಹಾಲಿಗೆ ಹಾಕಿ ಹೊಸ್ತು ಉಣ್ತೇವೆ. ಇಚ್ಚ ದುಡ್ಡು ಮುಟ್ಟಿದವ ಅಲ್ಲ. ದೇವಮಾತೆಗೆ ಅಲ್ವಾ, ಮರಿಯಂ ಬೀವಿ ನಮಗೂ ಬೇಕಾದವ್ಳೇ ಅಂತಿದ್ದ. ಅವ ಸಾಧು ಮನುಷ್ಯ ಅಂತಲೂ ತಿಳ್ಕೊಳ್ಬೇಡಿ, ಲೀಗಿನ ಬೂತ್ ಏಜೆಂಟು, ಇಲೆಕ್ಷನ್ ದಿನ ನಮ್ಮವ್ರ ಹತ್ರ ಸಮಾ ಜಗಳಕ್ಕೆ ನಿಲ್ತಾನೆ, ಬೇಲಿ ವಿಷಯದಲ್ಲಿ ನನ್ನ ಹತ್ರವೂ ಒಂದೂವರೆ ವರ್ಷ ಮಾತು ಬಿಟ್ಟಿದ್ದ.

ಸೆಪ್ಟೆಂಬರ್ 7ಕ್ಕೆ ಬೆಳಿಗ್ಗೆ ಕತ್ತಿ, ಗೋಣಿ ಚೀಲ ಹಿಡ್ಕೊಂಡು ಇಳಿದೆ. ರಾತ್ರಿ ಮಳೆ ಬಂದು ಹುಣಿ (ಗದ್ದೆಯ ಬದು) ಜಾರ್ತಿತ್ತು. ಇಚ್ಚ ಲುಂಗಿ ಮೇಲೆ ಕಟ್ಟಿ ಗದ್ದೆಯ ಕಡು ತೆಗೆದು ನೀರು ಬಿಡ್ತಾ ಇದ್ದ. "ದಾನೆ ಮಾಷ್ಟ್ರೇ" ಅಂದ, ತಲೆ ಎತ್ಲಿಲ್ಲ. ತೆನೆಗೆ ಬಂದೆ ಅಂದೆ. ಕಡು ಮುಚ್ಚಿ, ಕೈಯ ಕೆಸರು ನೀರಲ್ಲಿ ತೊಳೆದು, ತಲೆಯ ತುಂಡಲ್ಲಿ ಒರೆಸಿ, ಆಮೇಲೆ ಹೇಳಿದ, "ಈ ಸಲ ಐನೂರು ಕೊಡ್ಬೇಕು."

ಅಷ್ಟೇ. ನಾನು ಯಾಕೆ ಅಂತ ಕೇಳ್ಲಿಲ್ಲ. ಅವನ ಮೊಮ್ಮಗ ನನ್ನ ಕೈಯಲ್ಲೇ ಕಲ್ತವ, ನಮ್ಮ ವಾಡೊದ ಹುಡುಗರ ಜೊತೆ ಕ್ರಿಕೆಟ್ ಆಡುವವ, ಆ ವೀಡಿಯೋ ಮೇಲೆ ನನ್ನ ಹೆಸರು ಇದ್ದದ್ದು ಅವ್ರ ಮನೆಯಲ್ಲಿ ಎಲ್ಲರೂ ನೋಡಿರ್ತಾರೆ ಅಂತ ಗೊತ್ತಾಗ್ಲಿಕ್ಕೆ ಕೇಳ್ಬೇಕಾಗಿಲ್ಲ. ಕಿಸೆಯಲ್ಲಿ ಮುನ್ನೂರಿತ್ತು. ವಾಪಸ್ ಗುಡ್ಡೆ ಹತ್ತಿ ಮನೆಗೆ ಹೋಗಿ ಇನ್ನೂರು ತಂದೆ. ಹೋಗಿ ಬರುವಷ್ಟರಲ್ಲಿ ಅವ ತೆನೆ ಕೊಯ್ದು, ಬಾಳೆಯ ನಾರಲ್ಲಿ ಎರಡು ಕಟ್ಟು ಮಾಡಿ ಹುಣಿ ಮೇಲೆ ಇಟ್ಟಿದ್ದ, ಹಾಲು ಕಟ್ಟಿದ ಒಳ್ಳೆ ತೆನೆ, ಜೊಳ್ಳು ಒಂದೂ ಇಲ್ಲ. ದುಡ್ಡು ಎಣಿಸಿ ನೋಡಿ ಶರ್ಟಿನ ಕಿಸೆಗೆ ಹಾಕಿದ. ಆ ವೀಡಿಯೋ ಸುಳ್ಳು, ನಾನು ನೋಡದೆ ಕಳಿಸಿದ್ದು, ತಪ್ಪಾಯ್ತು ಅಂದೆ. "ಸುಳ್ಳು ಅಂತ ನನಗೆ ಗೊತ್ತುಂಟು ಮಾಷ್ಟ್ರೇ. ನೀವು ಕಳಿಸಿದ್ದು ಸುಳ್ಳಲ್ಲವಲ್ಲ" ಅಂದ, ಮತ್ತೆ ಕಡುವಿನ ಹತ್ರ ಹೋದ.

ಅವತ್ತು ಸಂಜೆ ತೇರ್ಸು ಮುಗಿಸಿ ಗ್ರೂಪಲ್ಲಿ ಉದ್ದಕ್ಕೆ ಬರೆದೆ. ಮೊನ್ನೆ ನಾನು ಹಾಕಿದ ವೀಡಿಯೋ ಸುಳ್ಳು, ಯಾರಿಗಾದ್ರೂ ಕಳಿಸಿದ್ರೆ ಅವ್ರಿಗೂ ತಿಳಿಸಿ, ನೆರೆಯವ್ರ ಬಗ್ಗೆ ಹೀಗೆ ಸುಳ್ಳು ಹಬ್ಬಿಸುವುದು ಎಂಟನೇ ಆಜ್ಞೆಯ ವಿರುದ್ಧದ ಪಾಪ, ನನ್ನಿಂದ ಆಗಿದೆ, ಕ್ಷಮೆ ಇರ್ಲಿ. ಊಟ ಮಾಡಿ ಬಂದು ನೋಡಿದ್ರೆ ಮೆಸೇಜ್ ಇರ್ಲಿಲ್ಲ, ಅಡ್ಮಿನ್ ಡಿಲೀಟ್ ಮಾಡಿದ್ದಾರೆ ಅಂತ ತೋರಿಸ್ತಿತ್ತು. ವೀಡಿಯೋ ಮೇಲೆ ಹಾಗೇ ಇತ್ತು. ಗುರ್ಕಾರರು ನನಗೆ ಬೇರೆಯೇ ಬರೆದಿದ್ರು, "ಮಾಷ್ಟ್ರೇ ಬೇಜಾರು ಮಾಡ್ಬೇಡಿ, ಸುಮ್ಮನೆ ಚರ್ಚೆ ಶುರು ಆಗ್ತದೆ, ನೀವೇ ಬರೆದದ್ದಲ್ವಾ, ಗ್ರೂಪಲ್ಲಿ ರಾಜಕೀಯ ಬೇಡ ಅಂತ."

ಮರುದಿನ ಫೆಸ್ತ್. ಮಕ್ಕಳು ಮರಿಯಮ್ಮನಿಗೆ ಹೂವು ಹಾಕಿದ್ರು, ತೆನೆ ಆಶೀರ್ವಾದ ಆಯ್ತು, ಕಬ್ಬು ಹಂಚಿದ್ರು. ಮನೆಮನೆಗೆ ತೆನೆ ಕೊಡುವಾಗ ಗುರ್ಕಾರರು ಲೆಕ್ಕದ ಪುಸ್ತಕ ತೆಗೆದು "ತೆನೆಗೆ ಖರ್ಚು ಏನಾದ್ರೂ ಆಯ್ತಾ ಮಾಷ್ಟ್ರೇ?" ಅಂತ ಕೇಳಿದ್ರು. ಇಲ್ಲ, ಯಾವಾಗಿನ ಹಾಗೇ ಅಂದೆ. ಅದು ಇಚ್ಚನ ಮರ್ಯಾದೆ ಉಳಿಸ್ಲಿಕ್ಕೆ ಹೇಳಿದ ಸುಳ್ಳೋ ನನ್ನದನ್ನು ಉಳಿಸಿಕೊಳ್ಲಿಕ್ಕೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಈ ಸಲ ಕುಮ್ಸಾರಿಗೆ ಹೋಗುವಾಗ ಅದನ್ನೂ ಸೇರಿಸ್ಬೇಕು.